ಚೆಲುವರಾಜು ಸಂಸಾರದ ಅಮೆರಿಕಾ ಪ್ರಯಾಣ

ಪೋಸ್ಟರಿನ ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏಳನೆಯ ನಿಯಮ ಇತ್ತು. ಕಂಪನಿಯ ನೌಕರರಾಗಲಿ ಅವರ ಮನೆಯವರಾಗಲಿ ಈ ಸ್ಪರ್ಧೆಯಲ್ಲಿ ಭಾಗವಹಿಸುವಂತಿಲ್ಲ. ಮಹದೇವು ಅದನ್ನು ಮೂರು ಸಲ ಓದಿದ. ಮೂರನೆಯ ಸಲ ಓದುವಾಗ, ಹದಿನಾಲ್ಕು ವರ್ಷದಿಂದ ಅವನ ಹೊಟ್ಟೆಯೊಳಗೆ ತೆಪ್ಪಗೆ ಕೂತಿದ್ದ ಉರಿ ಎದ್ದು ನಿಂತಿತು.

ಅದು ಅರವತ್ತೊಂದನೆಯ ಇಸವಿ, ಯುಗಾದಿ ಕಳೆದ ವಾರ. ಮಂದಹಾಸ ಹಲ್ಲುಪುಡಿಯ ಮೈಸೂರು ಡಿಪೋ ಎಂದರೆ ಸಂತೆಪೇಟೆಯ ಒಂದು ಉದ್ದನೆಯ ಮಳಿಗೆ, ಅದರೊಳಗೆ ಸೂರಿನವರೆಗೂ ಪುಡಿಯ ಡಬ್ಬಿಗಳು, ಒಂದು ಮೇಜು, ಮೇಜಿನ ಹಿಂದೆ ಗುಮಾಸ್ತ ಮಹದೇವು. ಸಂಜೆ ಅವನು ಮನೆಗೆ ಹೋದರೆ ಅವನ ರೆಪ್ಪೆಯ ಮೇಲೂ ಪುದೀನದ ವಾಸನೆ ಇರುತ್ತಿತ್ತು. ನಂಜನಗೂಡಿನಿಂದ ಶ್ರೀರಂಗಪಟ್ಟಣದವರೆಗೆ ಗೋಡೆಗೋಡೆಯ ಮೇಲೆ ಬರೆಸಿದ್ದ ‘ನಾಚಬೇಡಿ, ನಗಿ; ಬಾಯಲ್ಲಿದೆ ಮಂದಹಾಸ’ ಎಂಬ ಸಾಲು ಅವನದೇ. ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಾ ಹೊಳೆದದ್ದು. ಮ್ಯಾನೇಜರ್ ಕೃಷ್ಣಸ್ವಾಮಿ ಅದನ್ನು ಮದರಾಸಿನ ಹೆಡ್ಡಾಫೀಸಿಗೆ ತನ್ನ ಹೆಸರಿನಲ್ಲಿ ಕಳಿಸಿ, ಒಂದು ಬೆಳ್ಳಿ ಲೋಟ ಗಿಟ್ಟಿಸಿ, ಆ ಲೋಟದಲ್ಲೇ ದಿನಾ ಮಹದೇವು ಕೈಯಲ್ಲಿ ಕಾಫಿ ತರಿಸಿಕೊಂಡು ಕುಡಿಯುತ್ತಿದ್ದರು.

ಈಗ ಈ ಸ್ಪರ್ಧೆ. ಹಲ್ಲುಪುಡಿಗೆ ಪುದೀನದ ಸತ್ವ ಒದಗಿಸುತ್ತಿದ್ದ ಅಮೆರಿಕದ ಕಂಪನಿಯೊಂದು ಖರ್ಚೆಲ್ಲ ವಹಿಸಿಕೊಂಡಿತ್ತು. ಮೈಸೂರು ರಾಜ್ಯಕ್ಕೆಲ್ಲ ಒಂದೇ ಬಹುಮಾನ: ಗಂಡ, ಹೆಂಡತಿ, ಇಬ್ಬರು ಮಕ್ಕಳು ವಿಮಾನದಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿನ ದೊಡ್ಡ ವಿನೋದನಗರದ ಹೋಟೆಲಿನಲ್ಲಿ ಏಳು ದಿನ ಇದ್ದು ಬರುವುದು. ಪೋಸ್ಟರಿನಲ್ಲಿ ನಗರದ ಬಣ್ಣದ ಚಿತ್ರವಿತ್ತು. ಚೂಪು ಗೋಪುರಗಳ ಒಂದು ಅರಮನೆ, ಅದನ್ನು ಸುತ್ತುವ ಪುಟ್ಟ ರೈಲು, ಕಾಲುವೆಯಲ್ಲಿ ದೋಣಿ, ಗಿರ್ರನೆ ತಿರುಗುವ ಟೀ ಬಟ್ಟಲುಗಳಲ್ಲಿ ಕೂತ ಕೆಂಪು ಕೆನ್ನೆಯ ಮಕ್ಕಳು. ಇದನ್ನು ಗೆಲ್ಲಲು ಮಾಡಬೇಕಾದದ್ದು ಇಷ್ಟೆ: ‘ನಮ್ಮ ಮನೆಯಲ್ಲಿ ಮಂದಹಾಸವನ್ನೇ ಬಳಸುತ್ತೇವೆ, ಏಕೆಂದರೆ...’ ಎಂಬ ವಾಕ್ಯವನ್ನು ಪೂರ್ತಿ ಮಾಡಿ ಕಳಿಸುವುದು. ವಾಕ್ಯ ಬರೆಯುವುದು! ಮೈಸೂರು ಸೀಮೆಯಲ್ಲಿ ಹಲ್ಲುಪುಡಿಯ ಬಗ್ಗೆ ಅವನಷ್ಟು ಚೆನ್ನಾಗಿ ವಾಕ್ಯ ಬರೆಯಬಲ್ಲವನು ಇನ್ನೊಬ್ಬನಿಲ್ಲ, ಮತ್ತು ಅವನೊಬ್ಬನು ಬರೆಯುವಂತಿಲ್ಲ.

ಒಂದು ಪೋಸ್ಟರನ್ನು ಮಡಿಸಿ ಅವನು ನಜರ್‌ಬಾದಿನ ವಠಾರದ ಮನೆಗೆ ತಂದ. ಒಂಬತ್ತು ವರ್ಷದ ಮಗಳು ಪ್ರೇಮಲೀಲಾ ಅದನ್ನು ನೆಲದ ಮೇಲೆ ಹರಡಿ ಮೇಲೆ ಬೋರಲಾಗಿ ಬಿದ್ದುಕೊಂಡಳು. ಆರು ವರ್ಷದ ಪುಟ್ಟಣ್ಣ ಟೀ ಬಟ್ಟಲಿನ ಮೇಲೆ ಬೆರಳಿಟ್ಟು ತೆಗೆಯಲಿಲ್ಲ.

“ಅಪ್ಪ, ಈ ಅರಮನೇಲಿ ಯಾವ ರಾಜ ಇದಾನೆ?” ಎಂದಳು ಮಗಳು.

“ಯಾರೂ ಇಲ್ಲ ಕಣಮ್ಮ. ಮಕ್ಕಳು ಒಳಗೆ ಹೋಗಲಿ ಅಂತಲೇ ಕಟ್ಟಿರೋದು.”

ಮಗಳು ನಂಬಲಿಲ್ಲ. ಅವಳು ಕಂಡ ಅರಮನೆ ದಸರೆಯ ಹತ್ತು ದಿನ ದೂರದಿಂದ ದೀಪ ನೋಡಿ ವಾಪಸು ಬರುವಂಥದ್ದು. ಆ ಕ್ಷಣದಲ್ಲೇ ಮಹದೇವು ತೀರ್ಮಾನ ಮಾಡಿದ. ಹೋಗುವುದೇ. ಏಳನೆಯ ನಿಯಮ ಮಹದೇವುಗೆ ತಾನೇ? ಮಹದೇವು ಹೋಗದಿದ್ದರಾಯಿತು.

ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. ಅವನ ಚಿಕ್ಕಪ್ಪನ ಮಗ ಚೆಲುವರಾಜು ಬೊಂಬಾಯಿಯಲ್ಲಿ ಕೆಲಸ ಹುಡುಕುತ್ತಾ ಮೂರು ವರ್ಷದ ಕೆಳಗೆ ಕಾಲರಾಕ್ಕೆ ಸಿಕ್ಕಿ ತೀರಿಕೊಂಡಾಗ ರೈಲು ಪಾರ್ಸಲಿನಲ್ಲಿ ಬಂದದ್ದು. ಮದುವೆಯಾಗದವನು, ತಂದೆ ತಾಯಿ ಇಲ್ಲದವನು. ಟ್ರಂಕಿನಲ್ಲಿ ಎರಡು ಷರಟು, ಒಂದು ಬಾಚಣಿಗೆ, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು. ಚೆಲುವರಾಜುವಿಗೂ ಇವನಿಗೂ ಒಂದೇ ವರ್ಷದ ಅಂತರ. ಅವನು ಸತ್ತದ್ದು ಬೊಂಬಾಯಿಯ ಯಾವುದೋ ರಿಜಿಸ್ಟರಿನಲ್ಲಿ ಬರೆದಿದ್ದೀತು. ಮೈಸೂರಿನ ಸರ್ಕಾರಕ್ಕೆ ಅವನು ಈಗಲೂ ಬದುಕಿಯೇ ಇದ್ದ. ಬದುಕಿದ್ದಾಗ ಒಂದು ಪ್ರಯೋಜನಕ್ಕೂ ಬಾರದವನು ಈಗಲಾದರೂ ಬಂದನಲ್ಲ ಎಂದುಕೊಂಡ ಮಹದೇವು. ಆ ಯೋಚನೆಗೆ ಅವನಿಗೆ ನಾಚಿಕೆಯೇನೂ ಆಗಲಿಲ್ಲ.

ಸರ್ಟಿಫಿಕೇಟಿನ ಎರಡನೆಯ ಪುಟದಲ್ಲಿ ಗುರುತಿನ ಚಿಹ್ನೆ ಎಂಬ ಜಾಗದಲ್ಲಿ ‘ಬಲ ಹುಬ್ಬಿನ ಮೇಲೆ ಗಾಯದ ಕಲೆ’ ಎಂದಿತ್ತು. ಸಾಮಾನ್ಯ ಕಳ್ಳನಾದರೆ ಇದನ್ನು ಓದುತ್ತಲೇ ಇರಲಿಲ್ಲ. ಮಹದೇವು ಓದಿದ, ಕನ್ನಡಿಯ ಮುಂದೆ ನಿಂತ, ಹೊಸ ಬ್ಲೇಡಿನಿಂದ ಬಲ ಹುಬ್ಬಿನ ಮೇಲೆ ಅರ್ಧ ಅಂಗುಲ ಗೀರಿಕೊಂಡ. ಸೈಕಲ್ಲಿನಿಂದ ಬಿದ್ದೆ ಎಂದು ಹೇಳಿದಾಗ ಹೆಂಡತಿ ದೇವಿರಮ್ಮ ಅರಿಸಿನ ಮೆತ್ತಿ, ಎರಡು ದಿನ ಸೈಕಲ್ಲಿಗೆ ಶಾಪ ಹಾಕಿದಳು. ಮೂರು ವಾರಕ್ಕೆ ಗಾಯ ಮಾಯ್ದು, ಸರ್ಟಿಫಿಕೇಟಿನಲ್ಲಿ ಹೇಳಿದ್ದ ಜಾಗದಲ್ಲೇ ಬಿಳಿ ಗೀಟು ಉಳಿಯಿತು. ತನ್ನ ಜಾಗ್ರತೆಯ ಬಗ್ಗೆ ತನಗೇ ಗೌರವ ಬಂತು ಅವನಿಗೆ.

ಮುಂದಿನ ಹೆಜ್ಜೆ ಮನೆ. ನಜರ್‌ಬಾದಿನಲ್ಲಿ ನಾಯಿಗೂ ಅವನ ಹೆಸರು ಗೊತ್ತು. ಒಂಟಿಕೊಪ್ಪಲಿನಲ್ಲಿ ವಸಂತಮ್ಮ ಎಂಬ ವಕೀಲರ ವಿಧವೆ ತಮ್ಮ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆಂದು ತಿಳಿದು, ಮೇ ತಿಂಗಳಲ್ಲಿ ಸಂಸಾರವನ್ನು ಅಲ್ಲಿಗೆ ಸಾಗಿಸಿದ. ಬಾಗಿಲಿಗೆ ಚೆಲುವರಾಜು ಎಂದು ಇಂಗ್ಲಿಷಿನಲ್ಲಿ ಬರೆಸಿದ ಬೋರ್ಡು ಹಾಕಿದ. ಇಂಗ್ಲಿಷಿನಲ್ಲಿ ಏಕೆಂದರೆ ದೇವಿರಮ್ಮನಿಗೆ ಯಾವ ಅಕ್ಷರವೂ ಬಾರದು, ಮೂರನೆಯ ಕ್ಲಾಸಿನ ಮಗಳಿಗೆ ಇನ್ನೂ ಕನ್ನಡ ಮಾತ್ರ. ಮಕ್ಕಳ ಶಾಲೆ ಬದಲಾಯಿಸಲಿಲ್ಲ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಮಹದೇವು ಎಂದಿದೆ, ಆ ಕಾಗದ ನಜರ್‌ಬಾದ್ ಬಿಟ್ಟು ಕದಲುವುದು ಬೇಡ. ಮಕ್ಕಳು ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದವು. ಮಗಳು ಚುರುಕಾದ್ದರಿಂದ ತಮ್ಮನ ಕೈಹಿಡಿದು ಕರೆದೊಯ್ಯುತ್ತಿದ್ದಳು. ಶಾಲೆಗೆ ಸೇರುವ ಮೊದಲೇ ಅವಳು ಅಪ್ಪನ ಹೆಸರನ್ನು ಮರಳಿನ ಮೇಲೆ ಬರೆದು ತೋರಿಸಿದ್ದವಳು. ಯಾರೂ ಕಲಿಸದೆ ಅದು ಅವಳಿಗೆ ಹೇಗೆ ಬಂತು ಎಂದು ಮಹದೇವು ಆಗ ಬೆರಗಾಗಿದ್ದ. ತನ್ನ ರಕ್ತ ಎಂದು ಸಮಾಧಾನ ಹೇಳಿಕೊಂಡಿದ್ದ.

ಇನ್ನು ಉಳಿದವಳು ದೇವಿರಮ್ಮ. ಅವಳಿಗೆ ವಿಷಯ ಹೇಳುವಂತಿರಲಿಲ್ಲ. ಚೆಲುವರಾಜು ಸತ್ತ ಸುದ್ದಿ ಬಂದಾಗ ಸೂತಕದ ಸ್ನಾನ ಮಾಡಿದವಳು ಅವಳು. ಸತ್ತವನ ಹೆಸರನ್ನು ಬದುಕಿರುವ ಗಂಡನಿಗೆ ಅಂಟಿಸಿದ್ದಾರೆಂದು ತಿಳಿದರೆ ತಾಳಿ ಹಿಡಿದುಕೊಂಡು ಬೀದಿ ಸೇರುವ ಹಾಗೆ ರಂಪ ಮಾಡುತ್ತಾಳೆ. ಆದರೆ ಯೋಚಿಸಿದಷ್ಟೂ ಮಹದೇವುಗೆ ನಗು ಬಂತು. ಹೇಳುವ ಅಗತ್ಯವೇ ಇಲ್ಲವಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಒಂದು ಸಲವಾದರೂ ಅವನ ಹೆಸರು ಎತ್ತಿದವಳೇ? ‘ಅವರು’, ‘ನಮ್ಮನೇವ್ರು’, ‘ಪ್ರೇಮನ ಅಪ್ಪ’. ಮಾದೇಶ್ವರನ ಬೆಟ್ಟಕ್ಕೆ ಹೋದಾಗಲೂ ದೇವರನ್ನು ‘ಬೆಟ್ಟದಪ್ಪ’ ಎಂದೇ ಕರೆದಳು, ಗಂಡನ ಹೆಸರು ಅದರೊಳಗೆ ಸೇರಿಕೊಂಡಿದೆಯೆಂದು. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಕಲಿಸಿದ್ದು. ಒಂಟಿಕೊಪ್ಪಲಿನ ಹೆಂಗಸರೂ ಅಷ್ಟೆ. ‘ನಿಮ್ಮ ಯಜಮಾನರು’ ಎಂದು ಇವರು, ‘ನಮ್ಮ ಯಜಮಾನರು’ ಎಂದು ಅವಳು. ನೀರು ತರುವಾಗ, ಹೂ ಕೊಳ್ಳುವಾಗ, ವಸಂತಮ್ಮನವರ ಜಗಲಿಯಲ್ಲಿ ಹರಟುವಾಗ, ತಿಂಗಳುಗಟ್ಟಲೆ ಯಾರ ಗಂಡನ ಹೆಸರೂ ಯಾರ ಬಾಯಿಂದಲೂ ಹೊರಬೀಳಲಿಲ್ಲ. ಲೋಕದ ಎಲ್ಲ ಸಂಚುಗಳೂ ಹೆಂಡತಿಯ ಬಾಯಿಂದ ಹಾಳಾಗುತ್ತವೆ. ತನ್ನ ಸಂಚಿಗೆ ಆ ಬಾಯಿಯೇ ಬೀಗ ಎಂದುಕೊಂಡು ಅವನು ಹೆಮ್ಮೆಪಟ್ಟ.

ಸ್ಪರ್ಧೆಯ ಕಾರ್ಡುಗಳು ಡಿಪೋಗೇ ಬರುತ್ತಿದ್ದವು. ಅವುಗಳಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸಿ ಮದರಾಸಿಗೆ ಕಳಿಸುವುದು ಮ್ಯಾನೇಜರರ ಕೆಲಸ, ಅಂದರೆ ಮಹದೇವು ಕೆಲಸ. ಒಟ್ಟು ಎರಡು ಸಾವಿರದ ಚಿಲ್ಲರೆ ಕಾರ್ಡು. ಅವನ ವಾಕ್ಯ ಮೊದಲೇ ಸಿದ್ಧವಾಗಿತ್ತು: ‘...ಏಕೆಂದರೆ ಮುತ್ತು ಕೊಳ್ಳಲಾರದ ಮನೆಗೂ ಮುತ್ತಿನ ಸಾಲು ಬೇಕು.’ ಅದನ್ನು ಎಡಗೈಯಲ್ಲಿ ಬರೆದು, ಚೆಲುವರಾಜು, ಒಂಟಿಕೊಪ್ಪಲ್ ಎಂದು ವಿಳಾಸ ಹಾಕಿ, ಪುಟ್ಟಣ್ಣನ ಕೈಯಲ್ಲೇ ಅಂಚೆ ಡಬ್ಬಕ್ಕೆ ಹಾಕಿಸಿದ್ದ. ಅದರ ಜೊತೆಗೆ ಕಳಿಸಲು ಒಂಬತ್ತು ಕೆಟ್ಟ ವಾಕ್ಯಗಳನ್ನು ಆರಿಸಿದರಾಯಿತು. ಕೆಟ್ಟ ವಾಕ್ಯಕ್ಕೇನು ಬರ? ಹಲ್ಲುಪುಡಿಯನ್ನು ಭಾರತಮಾತೆಗೆ ಹೋಲಿಸಿದವರೇ ನೂರಾರು ಜನ.

ಜುಲೈ ಕೊನೆಯ ವಾರ ಅಶೋಕಪುರಂನಿಂದ ಒಂದು ಕಾರ್ಡು ಬಂತು. ಬರೆದವರು ವೇದವತಿ ಎಂಬ ಸ್ಕೂಲು ಮೇಡಂ, ದುಂಡು ಅಕ್ಷರ. ‘ನಮ್ಮ ಮನೆಯಲ್ಲಿ ಮಂದಹಾಸವನ್ನೇ ಬಳಸುತ್ತೇವೆ, ಏಕೆಂದರೆ ನಗುವಾಗ ನಮ್ಮಲ್ಲಿ ಯಾರೂ ಕೈಯಿಂದ ಬಾಯಿ ಮುಚ್ಚಿಕೊಳ್ಳುವುದಿಲ್ಲ.’ ಮಹದೇವು ಕಾರ್ಡನ್ನು ಇನ್ನೊಂದು ಸಲ ಓದಿ ಮೇಜಿನ ಮೇಲಿಟ್ಟ. ಇದು ತನ್ನದಕ್ಕಿಂತ ಚೆನ್ನಾಗಿದೆ. ಸ್ವಲ್ಪ ಅಲ್ಲ, ಬಹಳ. ಅವನ ಹೆಂಡತಿ ನಗುವಾಗ ಸೆರಗನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿಯುತ್ತಾಳೆ, ಹದಿನಾಲ್ಕು ವರ್ಷ ಹಲ್ಲುಪುಡಿ ಮಾರಿದವನಿಗೆ ಅದನ್ನು ಬರೆಯಬಹುದೆಂದು ಹೊಳೆದಿರಲಿಲ್ಲ. ಕಾರ್ಡಿನ ಮೂಲೆಯಲ್ಲಿ ಮೇಡಂ ತಮ್ಮ ಇಬ್ಬರು ಮಕ್ಕಳ ವಯಸ್ಸನ್ನೂ ಬರೆದಿದ್ದರು, ಎಂಟು ಮತ್ತು ಐದು. ಅವನು ಅದನ್ನು ಜೇಬಿಗಿಳಿಸಿ ಮನೆಗೆ ತಂದು, ಮಾರನೆಯ ಬೆಳಿಗ್ಗೆ ಬಚ್ಚಲೊಲೆಗೆ ಹಾಕಿದ. ನೀರು ಕಾದಮೇಲೆ ತಲೆಗೆ ಹುಯ್ದುಕೊಂಡ. ಆ ಮೇಡಮ್ಮಿನ ವಾಕ್ಯವನ್ನು ಕೃಷ್ಣಸ್ವಾಮಿ ಕಂಡಿದ್ದರೆ ಹೇಗೂ ತಮ್ಮ ಹೆಸರಿನಲ್ಲಿ ಕಳಿಸಿ ಇನ್ನೊಂದು ಲೋಟ ತರಿಸಿಕೊಳ್ಳುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ಪೂರ್ತಿ ರುಚಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಮದರಾಸಿನಿಂದ ತಂತಿ ಬಂತು. ಕೃಷ್ಣಸ್ವಾಮಿ ಅದನ್ನು ಓದಿ ಮೂಗು ಮುರಿದರು.

“ಯಾವನೋ ಚೆಲುವರಾಜು ಅಂತೆ ಕಣೋ, ಒಂಟಿಕೊಪ್ಪಲು. ಅದೃಷ್ಟವಂತ ನನ್ಮಗ. ಒಂದು ಹಾರ ತಗೊಂಡು, ಎರಡು ಡಜನ್ ಡಬ್ಬಿ ಕಟ್ಟಿಸ್ಕೊಂಡು ಹೋಗಿ ಕೊಟ್ಟು ಬಾ. ರಸೀದಿ ತರೋದು ಮರೀಬೇಡ.”

“ನೀವೇ ಬಂದ್ರೆ ಶೋಭೆ ಅಲ್ವಾ ಸಾರ್?”

“ಈ ಬಿಸಿಲಲ್ಲಿ ಯಾವನು ಹೋಗ್ತಾನೆ. ಹೋಗಿ ನನ್ನ ನಮಸ್ಕಾರ ತಿಳಿಸು.”

ಮಹದೇವು ದೇವರಾಜ ಮಾರ್ಕೆಟ್ಟಿನಲ್ಲಿ ಸೇವಂತಿಗೆ ಹಾರ ಕೊಂಡು, ಸೈಕಲ್ಲಿಗೆ ನೇತುಹಾಕಿ, ತನ್ನ ಮನೆಗೆ ತಾನೇ ಹೋಗಿ, ತನಗೆ ತಾನೇ ಮ್ಯಾನೇಜರರ ನಮಸ್ಕಾರ ತಿಳಿಸಿ, ಚೆಲುವರಾಜು ಎಂದು ರಸೀದಿಗೆ ಸಹಿ ಮಾಡಿದ. ಹಾರವನ್ನು ದೇವಿರಮ್ಮ ಬಿಡಿಸಿ ಅರ್ಧ ಚಾಮುಂಡಮ್ಮನ ಪಟಕ್ಕೆ ಹಾಕಿದಳು, ಅರ್ಧ ಮಗಳ ಜಡೆಗೆ ಮುಡಿಸಿದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಕಂಪನಿಯಿಂದ ಅವನಿಗೆ ಬಂದ ಮೊದಲನೆಯ ಹಾರ ಅದು.

ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಡಿಪೋದ ಹಳೆಯ ದರಪಟ್ಟಿಗಳ ಹಿಂಭಾಗದಲ್ಲಿ ಮಹದೇವು ಏಳು ದಿನದ ಪಟ್ಟಿ ಬರೆದ. ಮೊದಲನೆಯ ದಿನ ರೈಲು, ಊರು ಗೊತ್ತಾಗಲಿ. ಎರಡನೆಯ ದಿನ ಅರಮನೆ. ಟೀ ಬಟ್ಟಲು ಮೂರನೆಯ ದಿನ ಎಂದದ್ದಕ್ಕೆ ಪುಟ್ಟಣ್ಣ ಊಟ ಬಿಟ್ಟು ಕೂತಿದ್ದರಿಂದ ಅದನ್ನು ಮೊದಲ ದಿನಕ್ಕೆ ತರಬೇಕಾಯಿತು. ದೇವಿರಮ್ಮ ಮೊದಲು ವಿಮಾನ ಎಂದರೆ ಎದೆ ಹಿಡಿದುಕೊಳ್ಳುತ್ತಿದ್ದಳು. ಆಮೇಲೆ ಅವಳೇ ಹುರಿಹಿಟ್ಟು ಎಷ್ಟು ಸೇರು, ಚಟ್ನಿಪುಡಿ ಎಷ್ಟು, ಅಲ್ಲಿ ಅಂಗಳಕ್ಕೆ ನೀರು ಹಾಕುವುದಕ್ಕೆ ಬಿಡುತ್ತಾರೋ ಇಲ್ಲವೋ ಎಂದು ವಿಚಾರಿಸತೊಡಗಿದಳು. ವಸಂತಮ್ಮನವರ ಹತ್ತಿರ ಹೆಣಿಗೆ ಕಲಿತು ನಾಲ್ವರಿಗೂ ಒಂದೇ ಬಣ್ಣದ ಸ್ವೆಟರು ಶುರುಮಾಡಿದಳು, ಅದೂ ಕಳೆದುಹೋದರೆ ಒಬ್ಬರಿಗೊಬ್ಬರು ಗುರುತು ಸಿಗಲಿ ಎಂದು.

ದಸರೆಗೆ ಮಕ್ಕಳು ವಸ್ತುಪ್ರದರ್ಶನಕ್ಕೆ ಹೋಗಿ ದೊಡ್ಡ ತೊಟ್ಟಿಲು ಹತ್ತಬೇಕೆಂದವು. ಮಹದೇವು ಬೇಡವೆಂದ. ಆ ಕಿರುಗುಟ್ಟುವ ತೊಟ್ಟಿಲನ್ನು ಹತ್ತಿ ಏನಾಗಬೇಕು, ಫೆಬ್ರವರಿಯಲ್ಲಿ ಅಮೆರಿಕಕ್ಕೆ ಹೋದಾಗ ನಿಜವಾದದ್ದು ಹತ್ತುತ್ತೀರಿ.

“ನಾವು ಹೋಗಿದ್ವಲ್ಲ,” ಎಂದಳು ದೇವಿರಮ್ಮ ಹೆಣಿಗೆಯಿಂದ ತಲೆಯೆತ್ತದೆ. “ಮದ್ವೆ ಆದ ವರ್ಸ. ತೊಟ್ಲು ಮೇಲೆ ಹೋದಾಗ ನೀವು ಕಣ್ಣು ಮುಚ್ಕೊಂಡಿದ್ರಿ.”

ಅವನಿಗೆ ಅರೆಬರೆ ನೆನಪಿತ್ತು. ನಲವತ್ತೊಂಬತ್ತನೆಯ ಇಸವಿ, ಜನಜಂಗುಳಿ, ತೊಟ್ಟಿಲು. ಇಳಿದಮೇಲೆ ಅವಳು ಏನೋ ಒಂದು ಬೇಕೆಂದು ಕೇಳಿದ್ದಳು, ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾಲ್ಕಾಣೆ ಕೈಗಿಟ್ಟು ಅವನು ಸೋಡಾ ಕುಡಿಯಲು ಹೋಗಿದ್ದ. ಬಳೆಯೋ ಟೇಪೋ, ಏನಾದರೊಂದು ಇದ್ದೀತು. ತಿರುಗಿ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. ಅವನಿಗೆ ಹೊತ್ತಾಗಿತ್ತು, ಕೇಳಲಿಲ್ಲ.

ಪಾಸ್‌ಪೋರ್ಟಿನ ಅರ್ಜಿಗಳನ್ನು ಅವನು ಡಿಪೋದಲ್ಲೇ ಕೂತು, ಊಟದ ಬಿಡುವಿನಲ್ಲಿ ತುಂಬಿದ. ತನ್ನದರಲ್ಲಿ ಗುರುತಿನ ಚಿಹ್ನೆ: ಬಲ ಹುಬ್ಬಿನ ಮೇಲೆ ಕಲೆ. ಹೆಂಡತಿಯದರಲ್ಲಿ? ಪೆನ್ನು ಒಂದು ಗಳಿಗೆ ನಿಂತಿತು. ಗಲ್ಲದ ಮೇಲೆ ಒಂದು ಮಚ್ಚೆ ಇದ್ದ ನೆನಪು. ಎಡಕ್ಕೋ ಬಲಕ್ಕೋ? ಸಂಜೆ ಮನೆಗೆ ಹೋಗಿ ಒಂದು ಸಲ ನೋಡಿದ್ದರೆ ಆಗುತ್ತಿತ್ತು, ಆದರೆ ಅಷ್ಟಕ್ಕೆ ಅರ್ಜಿ ಒಂದು ದಿನ ತಡವಾಗುವುದು ಬೇಡ. ‘ಗಲ್ಲದ ಮೇಲೆ ಮಚ್ಚೆ’ ಎಂದಷ್ಟೇ ಬರೆದು, ಇನ್ನೊಂದು ಗುರುತು ಇದ್ದರೆ ಎಂದಿದ್ದ ಜಾಗದಲ್ಲಿ ಗೀಟೆಳೆದ. ಸಿಡುಬಿನ ಚುಚ್ಚುಮದ್ದು ಹಾಕಿಸಲು ಹೋದಾಗ ಹೆಂಗಸರಿಗೆ ಬೇರೆ ಕೋಣೆ ಇತ್ತು. ಅವನು ಹೊರಗೆ ಬೆಂಚಿನ ಮೇಲೆ ಕೂತು ಪೇಪರು ಓದಿದ.

ಫೋಟೋದ ವಿಷಯವನ್ನೂ ಅವನು ಯೋಚಿಸಿ ಮುಗಿಸಿದ್ದ. ಗೆದ್ದವರ ಚಿತ್ರ ಪತ್ರಿಕೆಯಲ್ಲಿ ಬರುವುದು ಅಮೆರಿಕದಿಂದ ತಿರುಗಿ ಬಂದ ಮೇಲೆ. ಅಷ್ಟರಲ್ಲಿ ಅವನು ರಾಜೀನಾಮೆ ಕೊಟ್ಟಿರುತ್ತಾನೆ. ಕೃಷ್ಣಸ್ವಾಮಿ ಚಿತ್ರ ನೋಡಿ, ಬೆಳ್ಳಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಬಾಯಿ ಬಿಡಲಿ. ಕಂಪನಿ ಅಮೆರಿಕದವರ ಮುಂದೆ ಮಾನ ಕಳೆದುಕೊಳ್ಳುವುದಕ್ಕಿಂತ ಸುಮ್ಮನಿರುತ್ತದೆ. ಮಕ್ಕಳು ಟೀ ಬಟ್ಟಲಿನಲ್ಲಿ ಕೂತು ತಿರುಗಿದ್ದನ್ನು ಯಾವ ನಿಯಮವೂ ವಾಪಸು ತಿರುಗಿಸಲಾರದು.

ಉಳಿದದ್ದು ಪೊಲೀಸರ ವಿಚಾರಣೆಯೊಂದೇ. ಅದೂ ತಾನಾಗಿ ಬರುವವರೆಗೆ ಅವನು ಕಾಯಲಿಲ್ಲ. ಠಾಣೆಗೆ ಹೋಗಿ, ಮನೆಯಲ್ಲಿರುವ ದಿನ ಎಂದು ಮಂಗಳವಾರ ಹನ್ನೊಂದು ಗಂಟೆಯನ್ನು ಗೊತ್ತುಮಾಡಿಕೊಂಡ. ಮಂಗಳವಾರ ಡಿಪೋಗೆ ವಾರದ ರಜ, ಮಕ್ಕಳಿಗೆ ಶಾಲೆ. ಅವರು ಹೆಂಡತಿಯನ್ನು ಕೇಳಿಯೇ ಕೇಳುತ್ತಾರೆ. ಅವಳಾಗಿ ಗಂಡನ ಹೆಸರು ಹೇಳಬೇಕು, ಬೇರೆಯವರು ಹೇಳಿಕೊಡುವಂತಿಲ್ಲ ಎಂಬ ನಿಯಮವನ್ನೂ ಅವನು ಠಾಣೆಯ ರೈಟರಿಂದ ತಿಳಿದುಕೊಂಡಿದ್ದ. ಕೇಳಲಿ. ಅವಳು ನಾಚಿ ನೆಲ ನೋಡುತ್ತಾಳೆ, ಅವನು ನಗುತ್ತಾನೆ, ಇನ್ಸ್‌ಪೆಕ್ಟರೂ ಮನೆಯಲ್ಲಿ ಹೆಂಡತಿ ಇರುವವರೇ ಆದ್ದರಿಂದ ಅವರೂ ನಗುತ್ತಾರೆ, ತಾವೇ ಬರೆದುಕೊಂಡು ಹೋಗುತ್ತಾರೆ. ಆ ನಗುವನ್ನು ಅವನು ಕನ್ನಡಿಯ ಮುಂದೆ ಎರಡು ಸಲ ನಕ್ಕು ನೋಡಿಕೊಂಡ.

ಸಬ್ ಇನ್ಸ್‌ಪೆಕ್ಟರ್ ಶಾಮಣ್ಣ ಹೇಳಿದ ಹೊತ್ತಿಗೇ ಬಂದರು. ನಿವೃತ್ತಿಗೆ ಹತ್ತಿರವಾದ, ದಪ್ಪ ಕನ್ನಡಕದ, ಮೆತ್ತಗಿನ ಮನುಷ್ಯ. ವಸಂತಮ್ಮನವರನ್ನು ಅವರ ಬಾಗಿಲಲ್ಲೇ ಮಾತಾಡಿಸಿ ಬಂದಿದ್ದರು. ಅವರು ಬಾಡಿಗೆದಾರರ ಹೆಸರನ್ನೂ ಗುಣವನ್ನೂ ಸರಿಯಾಗಿ ಹೇಳಿದ್ದರು. ಇನ್ಸ್‌ಪೆಕ್ಟರು ಸರ್ಟಿಫಿಕೇಟು ನೋಡಿದರು, ಮಹದೇವುವಿನ ಹುಬ್ಬು ನೋಡಿದರು, ಗುರುತು ಹಾಕಿಕೊಂಡರು. ಗೋಡೆಗೆ ಅಂಟಿಸಿದ್ದ ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತರು.

“ನನ್ನ ಮೊಮ್ಮಗಳಿಗೆ ಇದನ್ನ ತೋರಿಸಿದ್ರೆ ನನ್ನ ಪ್ರಾಣ ತೆಗೀತಾಳೆ,” ಎಂದರು. “ಹೋಗಿ ಬನ್ನಿ ಸ್ವಾಮಿ. ನಮ್ಮ ಊರಿನ ಮಕ್ಕಳು ಒಂದೆರಡಾದ್ರೂ ನೋಡ್ಲಿ.”

ಕಾಫಿ ತಂದ ದೇವಿರಮ್ಮ ಲೋಟಗಳನ್ನಿಟ್ಟು ಬಾಗಿಲ ಪಕ್ಕಕ್ಕೆ ಸರಿದಳು. ಇನ್ಸ್‌ಪೆಕ್ಟರು ಅರ್ಜಿ ತೆಗೆದು ಅವಳ ಗಲ್ಲದ ಕಡೆ ನೋಡಿದರು. ಮಚ್ಚೆ ಇತ್ತು.

“ಒಂದೇ ಪ್ರಶ್ನೆ ತಾಯಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನರ ಹೆಸರೇನು?”

ದೇವಿರಮ್ಮ ಸೆರಗನ್ನು ಬಾಯಿಗೆ ಹಿಡಿದಳು. ನೆಲ ನೋಡಿದಳು. ಎಲ್ಲವೂ ಅವನು ಎಣಿಸಿದ ಕ್ರಮದಲ್ಲೇ ನಡೆಯುತ್ತಿತ್ತು.

“ಹೇಳೋಲ್ಲ ಬಿಡಿ ಸಾರ್,” ಎಂದ ಮಹದೇವು, ಸಿದ್ಧಮಾಡಿಟ್ಟಿದ್ದ ನಗು ನಕ್ಕ. “ಹನ್ನೆರಡು ವರ್ಷದಲ್ಲಿ ಒಂದು ಸಲಾನೂ ಹೇಳಿಲ್ಲ.”

“ನಮ್ಮನೇಲೂ ಅದೇ ಕಥೆ,” ಎಂದು ಶಾಮಣ್ಣನೂ ನಕ್ಕರು. ಪೆನ್ನಿನ ಟೋಪಿ ತೆಗೆದರು. “ಮನೆಯವರ ಹೇಳಿಕೆ ಇಲ್ಲ ಅಂತ ಬರ್ಕೊಂಡ್ರೆ ಮದರಾಸಿನ ಪಾಸ್‌ಪೋರ್ಟ್ ಆಫೀಸಿನವರು ಕಾಗದ ವಾಪಸ್ ಕಳಿಸ್ತಾರೆ ಅನ್ನೋದೊಂದೇ ತಾಪತ್ರಯ. ಇರ್ಲಿ, ನಾನೇ ತುಂಬ್ತೀನಿ.”

ವಾಪಸ್ ಎಂಬ ಮಾತು ದೇವಿರಮ್ಮನ ಕಿವಿಗೆ ಬಿತ್ತು. ಅವಳು ಪೋಸ್ಟರಿನ ಕಡೆ ನೋಡಿದಳು, ಮೂಲೆಯಲ್ಲಿ ಮಡಿಸಿಟ್ಟಿದ್ದ ನಾಲ್ಕು ನೀಲಿ ಸ್ವೆಟರುಗಳ ಕಡೆ ನೋಡಿದಳು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದಳು.

“ಬಾಯಲ್ಲಿ ಯೋಳಕಾಗಕಿಲ್ಲ ಸ್ವಾಮಿ,” ಎಂದಳು ಮೆಲ್ಲಗೆ. “ಮಕ್ಕಳ ಪರ್ಯಾಣ ನಿಲ್ಲೋದು ಬ್ಯಾಡ. ಇಲ್ಲಿ ಓದ್ಕಳಿ.”

ಅವಳು ಎಡಗೈಯ ಗಾಜಿನ ಬಳೆಗಳನ್ನೆಲ್ಲ ಒತ್ತಾಗಿ ಮೇಲಕ್ಕೆ ಸರಿಸಿ, ರವಿಕೆಯ ಉದ್ದನೆಯ ತೋಳನ್ನು ಮೊಣಕೈವರೆಗೆ ಮಡಿಸಿ, ಕೈ ಚಾಚಿದಳು. ಹನ್ನೆರಡು ವರ್ಷದಿಂದ ದಿನವೂ ಅವನಿಗೆ ಅನ್ನ ಬಡಿಸಿದ ಕೈ, ಹುಬ್ಬಿಗೆ ಅರಿಸಿನ ಮೆತ್ತಿದ ಕೈ, ಮಗಳು ತೊಡೆಯ ಮೇಲೆ ಕೂತು ಬೆರಳಾಡಿಸುತ್ತಾ ಮೊದಲ ಅಕ್ಷರಗಳನ್ನು ಕಲಿತ ಕೈ. ವಸ್ತುಪ್ರದರ್ಶನದಲ್ಲಿ ನಾಲ್ಕಾಣೆಗೆ ಅವಳು ಏನು ಕೊಂಡಿದ್ದಳೆಂದು ಮಹದೇವುಗೆ ಈಗ ನೆನಪಾಯಿತು. ಬಾಯಲ್ಲಿ ಹೇಳಬಾರದ ಹೆಸರು ಮೈಮೇಲಾದರೂ ಇರಲಿ ಎಂದು ಅವಳು ಹಚ್ಚೆಯವನ ಮುಂದೆ ಅಳುತ್ತಾ ನಗುತ್ತಾ ಕೂತ ಹೊತ್ತಿನಲ್ಲಿ ಅವನು ಸೋಡಾ ಕುಡಿಯುತ್ತಿದ್ದ. ಶಾಮಣ್ಣ ಕನ್ನಡಕವನ್ನು ಮೇಲಕ್ಕೇರಿಸಿ, ಕೈಯನ್ನು ಬೆಳಕಿನ ಕಡೆ ತಿರುಗಿಸಲು ಹೇಳಿ, ಮಾಸಿದ ಆ ಹಸಿರು ಅಕ್ಷರಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಓದಿದರು: “ಮ... ಹ... ದೇ... ವು.”